ಗೊಂಬೆಗಳಿಗೊಂದು ಚಪ್ಪರ

ಏಳಿಂಚು ಎತ್ತರ, ಒಂಬತ್ತಿಂಚು ಉದ್ದ, ಐದಿಂಚು ಅಗಲ. ನಾಲ್ಕು ಕಂಬ, ಎರಡು ತೊಲೆ, ತೊಲೆಗಳ ಮೇಲೆ ಏಳು ಜಂತಿ, ಜಂತಿಗಳ ಮೇಲೆ ಒಂಬತ್ತು ರೀಪು. ಎಲ್ಲ ಕೂಡಿಸಿದರೆ 22 ತುಂಡು ಮರ. ದೋಹಾದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಕಟ್ಟಿದ ಮೊದಲ ಕಟ್ಟಡ ಇದು. ದಸರಾ ಗೊಂಬೆಗಳ ತೋಟಕ್ಕೊಂದು ಚಪ್ಪರ.

ನಾನು ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಯುತ್ತಿತ್ತು. ಟ್ರಂಕು, ಹಲಗೆ, ಹಳೇ ಡಬ್ಬಗಳನ್ನು ಮೆಟ್ಟಿಲಾಗಿ ಜೋಡಿಸಿ ಮೇಲೆ ಅಜ್ಜನ ಬಿಳೀ ಪಂಚೆ ಹಾಸುತ್ತಿದ್ದರು. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ. ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ, ರಾಣಿ. ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ, ಬೇಳೆ, ಬೆಲ್ಲ ಹರಡಿಕೊಂಡು ಕೂತ ಶೆಟ್ಟರು, ಶೆಟ್ಟಮ್ಮ. ಮೆಟ್ಟಿಲು ಮುಗಿದ ಮೇಲೆ ನೆಲದಲ್ಲಿ ಉಳಿಯುವ ಜಾಗ ಮಕ್ಕಳದ್ದು. ಅದೇ ಪಾರ್ಕು.

ದೊಡ್ಡವರು ಮೆಟ್ಟಿಲಿನಲ್ಲಿ ಯಾವ ಗೊಂಬೆ ಎಲ್ಲಿ ಎಂದು ಕಟ್ಟುನಿಟ್ಟು ಮಾಡುತ್ತಿದ್ದರು. ಪಾರ್ಕಿಗೆ ಯಾವ ಶಾಸ್ತ್ರವೂ ಇರಲಿಲ್ಲ. ಒಂದು ವಾರ ಮುಂಚೆ ರಾಗಿ, ಸಾಸಿವೆ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಇಣುಕಿದ ಮೇಲೆ ತಟ್ಟೆಯ ಮಣ್ಣಿಗೆ ಉದುರಿಸುತ್ತಿದ್ದೆವು. ಹಬ್ಬದ ದಿನಕ್ಕೆ ಅದು ಹುಲ್ಲುಗಾವಲು. ಒಡೆದ ಕನ್ನಡಿ ಕೆರೆಯಾಗುತ್ತಿತ್ತು. ಇಟ್ಟಿಗೆ ಪುಡಿಯಿಂದ ದಾರಿ. ಹಸೀ ಮಣ್ಣು ಗುಡ್ಡೆ ಹಾಕಿ ಬೆರಳಿನಲ್ಲಿ ಮೆಟ್ಟಿಲು ಒತ್ತಿದರೆ ಚಾಮುಂಡಿ ಬೆಟ್ಟ. ಒಂದು ವರ್ಷ ಅಣ್ಣ ಬೃಂದಾವನ ಮಾಡುತ್ತೇನೆಂದು ಹಟ ಹಿಡಿದು, ಆಸ್ಪತ್ರೆಯ ಗ್ಲೂಕೋಸ್ ಕೊಳವೆ ತಂದು ಕಾರಂಜಿ ಚಿಮ್ಮಿಸಿದ್ದ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಆ ತೋಟ ಮೈಸೂರಿನ ಎಷ್ಟೋ ಮನೆಗಳ ಗೊಂಬೆ ಮೆಟ್ಟಿಲಿನ ಬುಡದಲ್ಲಿ ಪ್ರತಿ ವರ್ಷ ಮತ್ತೆ ಹುಟ್ಟುತ್ತಿತ್ತು. ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ಬೇಲಿ ಹಾಕ್ಕೊಳ್ಳಿ, ಆದ್ರೆ ಬಾಗಿಲು ಬಿಡಿ. ಬರೋರಿಗೆ ದಾರಿ ಬೇಕಲ್ವಾ."

ಆ ಪಾರ್ಕಿನಲ್ಲಿ ಎಲ್ಲ ಇತ್ತು, ಚಪ್ಪರ ಇರಲಿಲ್ಲ. ಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಮೈಸೂರಿನ ಅಕ್ಟೋಬರಿನಲ್ಲಿ ಬಿಸಿಲು ಮೈಗೆ ಹಿತ. ಬೀದಿಯ ಎರಡೂ ಕಡೆ ಮರ. ನೆರಳು ತಾನಾಗಿ ಬೀಳುವ ಊರಿನಲ್ಲಿ ಅದನ್ನು ಕಟ್ಟಬೇಕು ಅನ್ನುವುದು ಮಕ್ಕಳ ಮನಸ್ಸಿಗೆ ಹೇಗೆ ಹೊಳೆಯಬೇಕು?

ಹೊಳೆದದ್ದು ನನ್ನ ಮಗಳಿಗೆ, ದೋಹಾದಲ್ಲಿ, 2023ರಲ್ಲಿ. ಆಗ ಅವಳಿಗೆ ಎಂಟು ವರ್ಷ. ಆ ವರ್ಷ ಬೇಸಿಗೆ ರಜೆಗೆ ಊರಿಗೆ ಹೋದವರು ಅಮ್ಮನಿಂದ ಅರ್ಧದಷ್ಟು ಗೊಂಬೆ ಕೇಳಿ ತಂದಿದ್ದೆವು. ಆ ಮಾರ್ಚ್‌ನಲ್ಲಷ್ಟೇ ಉದ್ಘಾಟನೆಯಾಗಿದ್ದ ಬೆಂಗಳೂರು–ಮೈಸೂರು ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ನಾವು ಬೇಕೆಂದೇ ಹಳೇ ರಸ್ತೆಗೆ ಇಳಿದು ಊರೊಳಗಿನ ಅಂಗಡಿಯಲ್ಲಿ ಬಣ್ಣದ ಗೊಂಬೆ ಕೊಂಡೆವು. ಆಲೆ ಮರವನ್ನು ಒಣಗಿಸಿ, ಚರಕಿಯಲ್ಲಿ ತಿರುಗಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವುದನ್ನು ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಐದಿಂಚಿನ ಅಜ್ಜಿ ಗೊಂಬೆಯೊಂದನ್ನು ದೋಹಾ ಮುಟ್ಟುವವರೆಗೂ ಕೈಬಿಡಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಪಾರ್ಕಿನ ನಕ್ಷೆ ಹಾಕಲು ಕೂತೆವು. ನಾನು ನನ್ನ ಬಾಲ್ಯದ ಪಾರ್ಕನ್ನೇ ಬರೆಯುತ್ತ ಹೋದೆ. ಇಲ್ಲಿ ರಾಗಿ, ಇಲ್ಲಿ ಕೆರೆ, ಇಲ್ಲಿ ಬೆಟ್ಟ. ಮಗಳು ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅಮ್ಮ, ಇವರೆಲ್ಲ ಬಿಸಿಲಲ್ಲೇ ನಿಂತಿರ್ತಾರಾ?"

ಕತಾರಿನಲ್ಲಿ ಹುಟ್ಟಿದ ಮಗುವಿನ ಪ್ರಶ್ನೆ ಅದು. ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಇಡೀ ವರ್ಷದ ಮಳೆ ಸರಾಸರಿ 75–80 ಮಿಲಿಮೀಟರ್. ಆಗುಂಬೆಯಲ್ಲಿ ಒಂದು ಮಧ್ಯಾಹ್ನ ಸುರಿಯುವಷ್ಟು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ನೆರಳಿಗೆ ಕಾಯ್ದೆ ಇರುವ ನಾಡು ಇದು. ಬಸ್ಸಿಗೆ ಕಾಯುವಾಗ, ಕಾರು ನಿಲ್ಲಿಸುವಾಗ, ಶಾಲೆ ಬಿಟ್ಟು ಗೇಟಿನವರೆಗೆ ನಡೆಯುವಾಗ ಇಲ್ಲಿನ ಮಕ್ಕಳ ಕಣ್ಣು ಮೊದಲು ಹುಡುಕುವುದು ನೆರಳನ್ನು. ನಾನು ಪೆನ್ಸಿಲ್ ಕೆಳಗಿಟ್ಟೆ. ಬೆಟ್ಟವನ್ನು ಅಳಿಸಿದೆ. ಆ ಜಾಗದಲ್ಲಿ ನಾಲ್ಕು ಕಂಬ ಬರೆದೆ.

ಕಟ್ಟುವುದಕ್ಕೆ ಮುಂಚೆ ಅಳತೆ. ಗೊಂಬೆಮನೆ ಮಾಡುವವರು ಲೋಕದ ತುಂಬ ಬಳಸುವ ಲೆಕ್ಕ ಒಂದಿದೆ: ಒಂದು ಅಡಿಗೆ ಒಂದು ಇಂಚು. ನಮ್ಮ ಚನ್ನಪಟ್ಟಣದ ಅಜ್ಜಿ ಐದಿಂಚು. ಅಂದರೆ ಐದಡಿಯ ಹೆಂಗಸು. ನನ್ನ ಅಜ್ಜಿಯೂ ಅಷ್ಟೇ ಎತ್ತರವಿದ್ದರು. ಐದಡಿಯವರಿಗೆ ಏಳಡಿಯ ಚಪ್ಪರ ಸರಿ, ಹಾಗಾಗಿ ಏಳಿಂಚು. ಕೂರುವ ಜಗಲಿ ಒಂದೂವರೆ ಅಡಿ. ಹಾಗಾಗಿ ಒಂದೂವರೆ ಇಂಚು. ಮಗಳು ಅಳತೆಪಟ್ಟಿ ಹಿಡಿದು ಮನೆಯೆಲ್ಲ ಸುತ್ತಿದಳು. ಬಾಗಿಲು, ಕುರ್ಚಿ, ನನ್ನ ಮೊಣಕಾಲು, ಅಪ್ಪನ ಭುಜ. ಅಡಿಯನ್ನು ಇಂಚು ಮಾಡುವುದು ಅವಳಿಗೆ ಎರಡೇ ದಿನದಲ್ಲಿ ಬಾಯಿಪಾಠವಾಯಿತು.

ಆದರೆ ಎಲ್ಲವೂ ಆ ಲೆಕ್ಕಕ್ಕೆ ಬಗ್ಗುವುದಿಲ್ಲ ಎಂಬುದು ಕೈಹಾಕಿದ ಮೇಲೆ ತಿಳಿಯಿತು. ಮರದ ಗೆರೆ ಚಿಕ್ಕದಾಗುವುದಿಲ್ಲ. ದಪ್ಪ ಗೆರೆಯ ಹಲಗೆಯಿಂದ ಸಣ್ಣ ಕಂಬ ಸೀಳಿದರೆ ಅದು ಕಂಬದ ಹಾಗೆ ಕಾಣದೆ ಸಿಬಿರಿನ ಹಾಗೆ ಕಾಣುತ್ತದೆ. ನವಿರು ಗೆರೆಯ ಮರ ಹುಡುಕಬೇಕು. ನೀರಿನ ಹನಿ ಚಿಕ್ಕದಾಗುವುದಿಲ್ಲ. ಪೈರಿಗೆ ನೀರು ಚಿಮುಕಿಸಿದರೆ ಜಂತಿಯಿಂದ ತೆಂಗಿನಕಾಯಿ ಗಾತ್ರದ ಹನಿ ತೂಗುತ್ತದೆ. ಉಯ್ಯಾಲೆಯೂ ಮಾತು ಕೇಳುವುದಿಲ್ಲ. ಆರಡಿ ಹಗ್ಗದ ಉಯ್ಯಾಲೆ ಒಮ್ಮೆ ಹೋಗಿ ಬರಲು ಸುಮಾರು 2.7 ಸೆಕೆಂಡು ಬೇಕು; ಆರಿಂಚಿನದಕ್ಕೆ ಮುಕ್ಕಾಲು ಸೆಕೆಂಡು ಹೆಚ್ಚುಕಡಿಮೆ ಸಾಕು. ಮಧ್ಯಾಹ್ನದ ನಿದ್ದೆಗೆಂದು ಕಟ್ಟಿದ ತೂಗುಮಂಚ ಗುಬ್ಬಿಯ ಹಾಗೆ ಚಡಪಡಿಸಿತು. ಭೂಮಿಯ ಗುರುತ್ವ ಗೊಂಬೆಗೂ ನಮಗೂ ಒಂದೇ. ಮಗಳಿಗೆ ಇದನ್ನು ಹೇಳುವಾಗ ನನಗೂ ಅದು ಹೊಸದಾಗಿ ಅರ್ಥವಾಯಿತು.

ಇನ್ನು ಮರ. ಕಾಡಿಲ್ಲದ ನಾಡಿನಲ್ಲಿ ಮರವೆಲ್ಲ ಹೊರಗಿನಿಂದ ಬಂದದ್ದು. ಸಾಮಾನು ಹೊತ್ತು ಬಂದ ಪೈನ್ ಮರದ ಪ್ಯಾಲೆಟ್‌ಗಳು ಗೋದಾಮುಗಳ ಹಿಂದೆ ಬಿದ್ದಿರುತ್ತವೆ. ಅವುಗಳ ಮೇಲೆ ಒತ್ತಿದ ಮುದ್ರೆ ಓದಿ ತೆಗೆದುಕೊಳ್ಳಬೇಕು. 'ಎಚ್‌ಟಿ' ಎಂದಿದ್ದರೆ ಹುಳ ಸಾಯಲೆಂದು ಮರವನ್ನು ಕಾಯಿಸಿದ್ದಾರೆ ಎಂದರ್ಥ, ಬಳಸಬಹುದು. 'ಎಂಬಿ' ಎಂದಿದ್ದರೆ ವಿಷದ ಹೊಗೆ ಹಾಕಿದ್ದಾರೆ. ಮಕ್ಕಳ ಕೈಗೆ ಅದು ಬೇಡ. ಈ ಮಣ್ಣಿನದೇ ಮರವೆಂದರೆ ಖರ್ಜೂರ. ಅದರ ಗರಿಯ ನಡುದಿಂಡನ್ನು ಇಲ್ಲಿ ಜರೀದ್ ಎನ್ನುತ್ತಾರೆ. ಒಣಗಿದರೆ ಹತ್ತಿಯಷ್ಟು ಹಗುರ, ಉದ್ದಕ್ಕೆ ಸಲೀಸಾಗಿ ಸೀಳುತ್ತದೆ, ಅಡ್ಡ ಕೊಯ್ದರೆ ಮಾತ್ರ ನಾರು ಬಿಚ್ಚಿಕೊಳ್ಳುತ್ತದೆ. ಕೊಯ್ಯುವ ಜಾಗಕ್ಕೆ ಕಾಗದದ ಪಟ್ಟಿ ಸುತ್ತಿ, ಸಣ್ಣ ಹಲ್ಲಿನ ಗರಗಸ ಹಿಡಿದು ನಿಧಾನಕ್ಕೆ ಎಳೆಯಬೇಕು. ತೆಂಗಿನ ಸೋಗೆಯ ಜೊತೆ ಬೆಳೆದವರಿಗೆ ಅದು ತೀರ ಅಪರಿಚಿತವಲ್ಲ.

ಮೊದಲ ಚಪ್ಪರ ಎದ್ದ ಗಳಿಗೆಯಲ್ಲೇ ಬಿತ್ತು. ಕಂಬದ ನೆತ್ತಿಗೆ ತೊಲೆ ಇಟ್ಟು ಮೊಳೆ ಹೊಡೆದಿದ್ದೆ, ಕಂಬ ಸೀಳಿಹೋಯಿತು. ಅಂಟು ಹಾಕಿದರೆ ನಿಂತಿತು, ಆದರೆ ಕೈತಾಕಿದರೆ ವಾಲುತ್ತಿತ್ತು. ನಮ್ಮವರ ಪರಿಚಯದ ಬಡಗಿಯೊಬ್ಬರು ಕಾರ್ಕಳದ ಕಡೆಯವರು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೀಠೋಪಕರಣದ ಕೆಲಸ. ಒಂದು ಶುಕ್ರವಾರ ಊಟಕ್ಕೆ ಕರೆದೆವು. ಊಟ ಮುಗಿಸಿ ಕೈತೊಳೆದವರು ಮೇಜಿನ ಮೇಲಿನ ಚಪ್ಪರವನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಅಕ್ಕ, ಚಪ್ಪರಕ್ಕೆ ಮೊಳೆ ಯಾಕೆ? ಚಪ್ಪರ ಕಟ್ಟುದು. ಮದುವೆ ಮುಗಿದ ಮೇಲೆ ಬಿಚ್ಲಿಕ್ಕೆ ಉಂಟಲ್ಲ."

ಅಷ್ಟೇ ಅಂದದ್ದು. ಆಮೇಲೆ ಎರಡು ಗಂಟೆ ನಮ್ಮ ಜೊತೆ ಕೂತರು. ಕಂಬದ ನೆತ್ತಿಯಲ್ಲಿ ಉಳಿಯಿಂದ ಕಚ್ಚು ತೆಗೆದು ತೊಲೆಯನ್ನು ಅದರೊಳಗೆ ಕೂರಿಸಿದರು. ತೊಲೆಯ ಬೆನ್ನಿನಲ್ಲಿ ಏಳು ಕಚ್ಚು ತೆಗೆದು ಏಳು ಜಂತಿಗೂ ಮನೆ ಮಾಡಿಕೊಟ್ಟರು. ರೀಪುಗಳನ್ನು ಗೋಣಿದಾರದಿಂದ ಬಿಗಿದರು. ಕಂಬಗಳನ್ನು ಒಂದೂವರೆ ಇಂಚು ಉದ್ದ ಬಿಟ್ಟು ತಟ್ಟೆಯ ಮಣ್ಣಿನಲ್ಲಿ ನೆಟ್ಟರು. ಅಂಟಿಲ್ಲ, ಮೊಳೆಯಿಲ್ಲ. ಅಲುಗಾಡಿಸಿದರೆ ಚಪ್ಪರ ಸ್ವಲ್ಪ ಬಳುಕಿ ತನ್ನ ಜಾಗಕ್ಕೆ ಬರುತ್ತಿತ್ತು. ಉಪ್ಪು ಕಾಗದದಲ್ಲಿ ಮರದ ಓಟ ನೋಡಿಕೊಂಡು ಹೇಗೆ ಉಜ್ಜಬೇಕೆಂದು ಮಗಳ ಕೈಹಿಡಿದು ತೋರಿಸಿದರು. ದಿನವಿಡೀ ದೊಡ್ಡ ಯಂತ್ರದ ಮುಂದೆ ನಿಲ್ಲುವ ಆ ಕೈ ಕಡ್ಡಿಯಷ್ಟು ಸಣ್ಣ ಮರಕ್ಕೆ ಎಷ್ಟು ಮೆತ್ತಗಾಯಿತು ಎಂಬುದನ್ನು ನಾನು ಮರೆಯಲಾರೆ.

ಅವರು ಕಲಿಸಿದ ಪಾಠ ಹಿಡಿದುಕೊಂಡು ಆ ವಾರ ಸೂಕ್ ವಾಕಿಫ್‌ಗೆ ಹೋದೆ. ನಾನು ಹತ್ತಾರು ಸಲ ಹೋದ ಹಳೇ ಸಂತೆ ಅದು. 2008ರ ಹೊತ್ತಿಗೆ ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದು. ಅಂದು ಮೊದಲ ಸಲ ತಲೆಯೆತ್ತಿ ನೋಡಿದೆ. ಮಾಳಿಗೆಗೆ ಸಾಲಾಗಿ ಹಾಸಿದ ದುಂಡು ಗಳುಗಳು. ಇಲ್ಲಿ ಅವಕ್ಕೆ ದನ್ಶಲ್ ಎನ್ನುತ್ತಾರೆ. ಕಾಂಡ್ಲಾ ಮರದವು, ಹಿಂದೆ ಆಫ್ರಿಕದ ಪೂರ್ವ ಕರಾವಳಿಯಿಂದ ಹಾಯಿಹಡಗಿನಲ್ಲಿ ಬರುತ್ತಿದ್ದವು. ಅವುಗಳ ಮೇಲೆ ಬಿದಿರಿನ ಸೀಳು, ಅದರ ಮೇಲೆ ಚಾಪೆ, ಮೇಲೆ ಮಣ್ಣು. ಆ ಗಳು ಮೂರು ನಾಲ್ಕು ಮೀಟರಿಗಿಂತ ಉದ್ದ ಸಿಗುತ್ತಿರಲಿಲ್ಲವಾದ್ದರಿಂದ ಹಳೇ ಕತಾರಿನ ಮನೆಗಳ ಕೋಣೆಗಳು ಅದಕ್ಕಿಂತ ಅಗಲವಾಗುತ್ತಿರಲಿಲ್ಲ. ಎಷ್ಟು ಶ್ರೀಮಂತನಾದರೂ ಕೋಣೆಯನ್ನು ಉದ್ದಕ್ಕೆ ಬೆಳೆಸಬಹುದಿತ್ತು, ಅಗಲಕ್ಕೆ ಅಲ್ಲ. ಕಡಲು ದಾಟಿ ಬಂದ ಮರ ಎಷ್ಟುದ್ದವೋ ಅಷ್ಟೇ ಅಗಲದ ಬದುಕು.

ನನಗೆ ಮನೆಯ ಮೇಜಿನ ಮೇಲಿನ ಐದಿಂಚಿನ ಚಪ್ಪರ ನೆನಪಾಯಿತು. ಅದರ ಅಗಲ ಐದಿಂಚಾದದ್ದು ನನ್ನ ಕೈಗೆ ಸಿಕ್ಕ ಜಂತಿಗಳು ಅಷ್ಟೇ ಉದ್ದ ಇದ್ದದ್ದರಿಂದ. ಇದ್ದಷ್ಟರಲ್ಲಿ ನೆರಳು ಮಾಡಿಕೊಂಡವರ ಸಾಲಿನಲ್ಲಿ ನಾನೂ ಒಬ್ಬಳು ಅನ್ನಿಸಿ ಮನಸ್ಸು ತುಂಬಿತು.

ಅಲ್ಲಿಂದ ಕೈ ನಿಲ್ಲಲಿಲ್ಲ. ತೋಟಕ್ಕೆ ತಡಿಕೆ ಬೇಲಿ ಹೆಣೆದೆವು. ಅಜ್ಜಿಯ ಮಾತಿನಂತೆ ಬಾಗಿಲು ಬಿಟ್ಟೆವು, ಅದಕ್ಕೊಂದು ಕಮಾನು ಕೂರಿಸಿದೆವು. ಬಾವಿಕಟ್ಟೆಗೆ ಎರಡು ಕಂಬ, ಹೊಲಿಗೆ ಯಂತ್ರದ ಬಾಬಿನ್ನೇ ರಾಟೆ. ಕಡ್ಡಿಗೆ ತೂತು ಹಾಕದೆ ಸೂಜಿ ತೂರಿಸಿದರೆ ಸೀಳುತ್ತದೆ. ಬೆರಳಲ್ಲಿ ತಿರುಗಿಸುವ ಪುಟ್ಟ ಬೈರಿಗೆಯೊಂದು ಕೊಂಡೆ. ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡ್ ಮೇಲೆ ನಮ್ಮವರಿಗೆ ಪ್ರೀತಿ. ಅವರು ಓದಿದ್ದು ಬೆಂಗಳೂರಿನಲ್ಲಿ. ಎಂಟು ಮೂಲೆಯ ಆ ಮಂಟಪ ಕಟ್ಟುವ ಹೊಣೆ ಅವರದಾಯಿತು. ಎಂಟು ಪಟ್ಟಿಗಳ ತುದಿಗಳನ್ನು 22.5 ಡಿಗ್ರಿ ಓರೆಗೆ ಕೊಯ್ಯಬೇಕು. ಒಟ್ಟು 16 ಕೊಯ್ತ. ಒಂದೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ 8 ಡಿಗ್ರಿ ಬಾಯಿ ಬಿಡುತ್ತದೆ. ಕೋನಮಾಪಕಕ್ಕಿಂತ ಕಾಗದ ವಾಸಿ ಎಂದು ಕಂಡುಕೊಂಡದ್ದು ಮಗಳು. ಚೌಕ ಕಾಗದದ ಮೂಲೆಯನ್ನು ಮಡಿಸಿದರೆ 45, ಇನ್ನೊಮ್ಮೆ ಮಡಿಸಿದರೆ 22.5. ಆ ಮಡಿಕೆಯನ್ನೇ ಮರದ ಮೇಲಿಟ್ಟು ಗೆರೆ ಎಳೆದರು. ಮೂರನೇ ಸಲಕ್ಕೆ ಎಂಟೂ ಮೂಲೆ ಕೂಡಿತು.

ತೋಟವೆಂದ ಮೇಲೆ ಒಂದು ದೊಡ್ಡ ಮರ ಬೇಕು, ಅದಕ್ಕೆ ಕಟ್ಟೆ ಬೇಕು. ಅರಳಿಯನ್ನು ದೋಹಾದಲ್ಲಿ ಎಲ್ಲಿ ತರುವುದು? ಇಲ್ಲಿನವರ ಅರಳಿಕಟ್ಟೆ ಎಂದರೆ ಸಿದ್ರಾ ಮರ. ಮರುಭೂಮಿಯಲ್ಲಿ ಬೇರನ್ನು ಆಳಕ್ಕಿಳಿಸಿ ನಿಲ್ಲುವ, ದಾರಿಹೋಕರು ಕೂತು ದಣಿವಾರಿಸಿಕೊಳ್ಳುತ್ತಿದ್ದ ಮರ. ಕತಾರ್ ಫೌಂಡೇಶನ್ನಿನ ಲಾಂಛನ ಅದೇ. ಅದು ನಮ್ಮ ಎಲಚಿಯ ಬಳಗದ್ದೆಂದು ತಿಳಿದಾಗ ನನಗಾದ ಸಂತೋಷ ಹೇಳತೀರದು. ಸಂಕ್ರಾಂತಿಯಲ್ಲಿ ಮಕ್ಕಳ ತಲೆಗೆ ಎರೆಯುವ ಅದೇ ಎಲಚಿ. ಕೆಳಗೆ ಉದುರಿದ ಒಣಗಿದ ಸಿದ್ರಾ ರೆಂಬೆಯೊಂದನ್ನು ತಂದು ನೆಟ್ಟು, ಸುತ್ತ ಖರ್ಜೂರದ ದಿಂಡಿನ ತುಂಡುಗಳಿಂದ ಕಟ್ಟೆ ಕಟ್ಟಿದೆವು. ಅಂಗಡಿ ಬಿಟ್ಟು ಏಳದ ಶೆಟ್ಟಮ್ಮನನ್ನು ಮಗಳು ಕೆಳಗಿನ ಮೆಟ್ಟಿಲಿನಿಂದ ಎತ್ತಿ ತಂದು ಆ ಕಟ್ಟೆಯ ಮೇಲೆ ಕೂರಿಸಿದಳು. "ಪಾಪ, ಎಷ್ಟು ವರ್ಷದಿಂದ ಬೇಳೆ ಅಳೀತಿದ್ದಾರೆ," ಎಂದಳು.

ಆ ವರ್ಷ ದೋಹಾ ನಗರವೂ ತೋಟ ಕಟ್ಟುತ್ತಿತ್ತು. ಅಕ್ಟೋಬರ್ 2ರಂದು ಕಡಲದಂಡೆಯ ಅಲ್ ಬಿದ್ದಾ ಪಾರ್ಕಿನಲ್ಲಿ ಅಂತರರಾಷ್ಟ್ರೀಯ ತೋಟಗಾರಿಕೆ ಪ್ರದರ್ಶನ ಶುರುವಾಗಿತ್ತು. ಹಸಿರು ಮರುಭೂಮಿ, ಉತ್ತಮ ಪರಿಸರ ಎಂಬುದು ಅದರ ಧ್ಯೇಯವಾಕ್ಯ. ಈ ಸೀಮೆಯಲ್ಲಿ ಅಂಥ ಪ್ರದರ್ಶನ ಅದೇ ಮೊದಲು. ಮುಂದಿನ ಮಾರ್ಚ್ 28ರವರೆಗೆ ನಡೆಯಿತು. ನವರಾತ್ರಿ ಬಂದದ್ದು ಅಕ್ಟೋಬರ್ 15ಕ್ಕೆ. ಹಬ್ಬದ ಹಿಂದಿನ ವಾರ ಒಂದು ಸಂಜೆ ಹೋಗಿದ್ದೆವು. ಹೂವಿನ ಮಡಿಗಳನ್ನು ನೋಡುವುದು ಬಿಟ್ಟು ಮಗಳು ಪ್ರತಿ ನೆರಳಿನ ಕಂಬದ ಬುಡಕ್ಕೂ ಹೋಗಿ, ಅದು ಮೇಲಿನ ತೊಲೆಯನ್ನು ಹೇಗೆ ಹಿಡಿದಿದೆ ಎಂದು ನೋಡುತ್ತಿದ್ದಳು. ಒಮ್ಮೆ ಗೊಂಬೆಗೆ ಮನೆ ಕಟ್ಟಿದವರು ಲೋಕದ ಎಲ್ಲ ಮನೆಗಳ ಕೂಡಿಕೆ ನೋಡುತ್ತಾರೆ.

ನಮ್ಮ ತೋಟದ ರಾಗಿ ಮಾತ್ರ ಕಾಡಿಸಿತು. ಮೊಳಕೆ ಮೈಸೂರಿಗಿಂತ ಬೇಗ ಬಂತು, ಎಸಿಯ ಒಣ ಗಾಳಿಗೆ ಅಷ್ಟೇ ಬೇಗ ಬಾಡಿತು. ಎರಡನೇ ಬಿತ್ತನೆಗೆ ತಟ್ಟೆಯನ್ನು ಕಿಟಕಿಯ ಹತ್ತಿರ ಸರಿಸಿ, ಹಗಲಿಡೀ ಒದ್ದೆ ಬಟ್ಟೆ ಹೊದಿಸಿದೆ. ಆಮೇಲೆ ಗಮನಿಸಿದರೆ ಚಪ್ಪರದ ಕೆಳಗಿನ ಪೈರು ಬಯಲಿನದಕ್ಕಿಂತ ಹಸಿರಾಗಿತ್ತು. ಗೊಂಬೆಗೆಂದು ಕಟ್ಟಿದ ನೆರಳು ಹುಲ್ಲಿಗೆ ನಿಜವಾಗಿಯೂ ನೆರಳಾಗಿತ್ತು. ಮೈಸೂರಿನಲ್ಲಿ ತೋಟ ಬೀಜದಿಂದ ಶುರುವಾಗುತ್ತದೆ, ಇಲ್ಲಿ ನೆರಳಿನಿಂದ. ನೆರಳು ಮೊದಲು ಕಟ್ಟು, ಹಸಿರು ಅದರಡಿಗೆ ಬರುತ್ತದೆ, ಜನವೂ ಬರುತ್ತಾರೆ. ಪರದೇಶದಲ್ಲಿ ಸಂಸಾರ ಹೂಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಜನ ಬಂದರು. ಮೊದಲ ಸಂಜೆ ಗೊಂಬೆ ಆರತಿಗೆ ಕನ್ನಡದವರು, ತುಳುವಿನವರು, ಎದುರುಮನೆಯ ಮಲಯಾಳಿ ಕುಟುಂಬ, ಮಗಳ ತರಗತಿಯ ಈಜಿಪ್ಟಿನ ಹುಡುಗಿ, ಅವಳ ತಾಯಿ. ಕೋಸಂಬರಿ ಹಂಚಿದೆ, ಮಕ್ಕಳ ಕೈಗೆ ಬೊಂಬೆ ಬಾಗಿನ ಕೊಟ್ಟೆ. ದೊಡ್ಡವರು ಮೆಟ್ಟಿಲು ನೋಡಿದರು, ಮಕ್ಕಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ತೋಟ ನೋಡಿದರು. ಚಪ್ಪರದ ಕೆಳಗೆ ಏನಿರಬೇಕೆಂದು ನಾವು ಯಾರಿಗೂ ಹೇಳಿರಲಿಲ್ಲ. ಎರಡನೇ ದಿನ ಆ ಈಜಿಪ್ಟಿನ ಹುಡುಗಿ ಮನೆಯಿಂದ ಮರದ ಒಂಟೆಯೊಂದನ್ನು ತಂದು ಅಲ್ಲಿ ನಿಲ್ಲಿಸಿದಳು. ಮೂರನೇ ದಿನ ಎದುರುಮನೆಯ ಹುಡುಗ ಒಂದು ಆನೆ ತಂದ. ಒಂಬತ್ತನೇ ದಿನಕ್ಕೆ ಐದಿಂಚು ಅಗಲದ ನೆರಳಿನಲ್ಲಿ ಏಳು ಜನ ನಿಂತಿದ್ದರು. ಅವರ ನಡುವೆ ನಮ್ಮ ಚನ್ನಪಟ್ಟಣದ ಅಜ್ಜಿ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಮರುದಿನ ತೋಟ ಬಿಚ್ಚುವ ಕೆಲಸ. ಬಾಡಿಗೆ ಮನೆಯಲ್ಲಿ ಎಲ್ಲವೂ ಪೆಟ್ಟಿಗೆಯೊಳಗೆ ಹಿಡಿಸಬೇಕು. ಇಂದಲ್ಲ ನಾಳೆ ಊರಿಗೆ ಹೊರಟಾಗ ವಿಮಾನದ ತೂಕಕ್ಕೂ ಹಿಡಿಸಬೇಕು. ಕಾರ್ಕಳದವರ ಮಾತಿನ ಪೂರ್ತಿ ಬೆಲೆ ಆಗ ತಿಳಿಯಿತು. ಗೋಣಿದಾರದ ಗಂಟು ಸಡಿಲಿಸಿದೆ. ರೀಪು, ಜಂತಿ, ತೊಲೆ, ಕಂಬ ಒಂದೊಂದಾಗಿ ಇಳಿದು ಬಂದವು. ಕೈಯಲ್ಲಿ 22 ಕಡ್ಡಿಯ ಒಂದು ಕಟ್ಟು, ಅಷ್ಟೇ. ಮುಂದಿನ ವರ್ಷ ಯಾವ ಕಡ್ಡಿ ಎಲ್ಲಿಗೆಂದು ತಿಳಿಯಬೇಕಲ್ಲ. ಹೆಂಚಿನ ಮನೆ ಬಿಚ್ಚುವಾಗ ಊರಿನ ಬಡಗಿಗಳು ಪಕಾಸುಗಳಿಗೆ ಗುರುತು ಹಾಕುವುದುಂಟು. ಮಗಳಿಗೆ ಕನ್ನಡ ಅಂಕಿ ಬರೆದುಕೊಟ್ಟೆ. ಅವಳು ಪೆನ್ಸಿಲ್ ಮೊನೆ ಮಾಡಿಕೊಂಡು ಪ್ರತಿ ತುಂಡಿನ ಕೆಳಮೈಗೆ ೧ರಿಂದ ೨೨ರವರೆಗೆ ಬರೆದಳು. ಶಾಲೆಯಲ್ಲಿ ಅವಳು ಎಂದೂ ಬರೆಯದ ಅಂಕಿಗಳನ್ನು ಚಪ್ಪರ ಬರೆಸಿತು.

2024ರ ನವರಾತ್ರಿ ಅಕ್ಟೋಬರ್ 3ಕ್ಕೇ ಬಂತು. ಪೆಟ್ಟಿಗೆ ತೆರೆದಾಗ ೧೭ನೆಯ ರೀಪು ಮುರಿದಿತ್ತು. ನಾನು ಪೈನ್ ತುಂಡು ಹುಡುಕುವಷ್ಟರಲ್ಲಿ ಮಗಳು ಬಾಲ್ಕನಿಯಲ್ಲಿದ್ದ ಖರ್ಜೂರದ ದಿಂಡನ್ನು ಸೀಳಿ, ಕಾಗದ ಸುತ್ತಿ ಕೊಯ್ದು, ಉಜ್ಜಿ, ಕೆಳಮೈಗೆ ತಾನೇ ೧೭ ಎಂದು ಬರೆದು ತಂದಿದ್ದಳು. ಬಣ್ಣ ಬೇರೆ, ನಾರು ಬೇರೆ, ಉಳಿದವಕ್ಕಿಂತ ಚೂರು ದಪ್ಪ. ಗೋಣಿದಾರ ಸುತ್ತಿ ೧೬ ಮತ್ತು ೧೮ರ ನಡುವೆ ಬಿಗಿದೆ. ಸರಿಯಾಗಿ ಕೂತಿತು. ಕೆಳಗೆ ಅಜ್ಜಿಯನ್ನು ನಿಲ್ಲಿಸಿ ಮಗಳು ದೀಪ ಹತ್ತಿರ ತಂದಳು. ಅಜ್ಜಿಯ ಮೈಮೇಲೆ ಒಂಬತ್ತು ನೆರಳಿನ ಗೆರೆ ಬಿತ್ತು. ನಾನು ಎಣಿಸಿದೆ, ಹದಿನೇಳರದು ಯಾವುದೆಂದು ಗೆರೆ ನೋಡಿ ಹೇಳಲಾಗಲಿಲ್ಲ.